ಶಿರಾಡಿ ಇಳಿದ ಮೇಲೆ ನೀಲಿ ಹೊಗೆ: ಹಾಸನದ ಒಂದು ಗ್ಯಾರೇಜ್ ಮಾಡಿದ ಕೆಲಸ

ಕೆಲಸ ಹಾಸನದಲ್ಲಿ, ತವರು ಪುತ್ತೂರು. ಅಮ್ಮ ಒಬ್ಬರೇ ಇರುವುದರಿಂದ ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿ ಇಳಿದು ಹತ್ತುತ್ತೇನೆ. ನನ್ನದು ಒಂಬತ್ತು ವರ್ಷದ ಪೆಟ್ರೋಲ್ ಕಾರು. 96,000 ಕಿ.ಮೀ. ಓಡಿದೆ.

ಕಳೆದ ಮಳೆಗಾಲದಲ್ಲಿ ಒಂದು ದಿನ ಘಾಟಿ ಮುಗಿದು ಗುಂಡ್ಯದ ಹತ್ತಿರ ಆಕ್ಸಿಲರೇಟರ್ ತುಳಿದೆ. ಕನ್ನಡಿಯಲ್ಲಿ ನೀಲಿ ಹೊಗೆ. ಹಿಂದೆ ಬರುತ್ತಿದ್ದ ಬೈಕಿನವನು ಕೈಯಿಂದ ಮೂಗು ಮುಚ್ಚಿಕೊಂಡ. ಅಮ್ಮನ ಮನೆ ಅಂಗಳದಲ್ಲಿ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕೆಳಗಿನ ಗುರುತಿಗೂ ತಾಗುತ್ತಿಲ್ಲ. ಸರ್ವೀಸ್ ಆಗಿ ಎರಡು ತಿಂಗಳೂ ಆಗಿರಲಿಲ್ಲ. ಡ್ಯಾಶ್‌ಬೋರ್ಡ್‌ನ ಕೆಂಪು ದೀಪ ಒಂದು ಸಲವೂ ಹತ್ತಿರಲಿಲ್ಲ. ಆ ದೀಪ ತೋರಿಸುವುದು ಆಯಿಲಿನ ಒತ್ತಡವನ್ನು, ಎಷ್ಟು ಉಳಿದಿದೆ ಅನ್ನುವುದನ್ನಲ್ಲ. ಇದು ನನಗೆ ಆಮೇಲೆ ಗೊತ್ತಾಯಿತು. ದೀಪ ಹತ್ತಲಿ ಅಂತ ಕಾಯುತ್ತಾ ಕೂತರೆ ಎಂಜಿನ್ನೇ ಹೋಗುತ್ತದೆ. ದಯವಿಟ್ಟು ಯಾರೂ ಕಾಯಬೇಡಿ.

ಮೊದಲು ಒಂದು ದೊಡ್ಡ ವರ್ಕ್‌ಶಾಪಿಗೆ ಹೋದೆ. ಹತ್ತು ನಿಮಿಷ ರೇಸ್ ಮಾಡಿ ನೋಡಿ, "ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು, 48,000 ಆಗುತ್ತೆ" ಎಂದರು. ರಿಂಗ್ ಅಂದರೆ ಪಿಸ್ಟನ್ ಸುತ್ತಲಿನ ಬಳೆಗಳು; ಕೆಲವು ಒತ್ತಡ ಹಿಡಿದಿಡುತ್ತವೆ, ಆಯಿಲ್ ರಿಂಗ್ ಅನ್ನುವುದು ಆಯಿಲ್ ಮೇಲೇರದಂತೆ ತಡೆಯುತ್ತದೆ. ಅವರು ಒಂದು ಪ್ಲಗ್ ಕೂಡ ಬಿಚ್ಚಿರಲಿಲ್ಲ. ಇನ್ನೊಬ್ಬರು ದಪ್ಪ ಆಯಿಲ್ ಹಾಕಿಬಿಡಿ, ಸರಿಹೋಗುತ್ತೆ ಎಂದರು.

ಆಮೇಲೆ ಸಹೋದ್ಯೋಗಿಯೊಬ್ಬರು ಬಿ.ಎಂ. ರಸ್ತೆಯ ಹಿಂದಿನ ಗಲ್ಲಿಯ ಒಂದು ಸಣ್ಣ ಗ್ಯಾರೇಜಿಗೆ ಕಳಿಸಿದರು. ತಗಡಿನ ಶೆಡ್ಡು, ಬೋರ್ಡ್ ಇಲ್ಲ. ಮೇಸ್ತ್ರಿಗೆ ಐವತ್ತೈದರ ಮೇಲೆ ವಯಸ್ಸು. ಬಾನೆಟ್ ಎತ್ತುವ ಮೊದಲೇ ಅವರು ಕೇಳಿದ್ದು: "ಮೇಡಂ, ಹೊಗೆ ಘಾಟಿ ಹತ್ತುವಾಗ ಬರುತ್ತಾ, ಇಳಿದು ಮುಗಿದ ಮೇಲಾ?" ಇಳಿದ ಮೇಲೆ ಎಂದೆ. "ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ?" ಒಂದು ಸಲ ಬುಸ್ ಅಂತ ಬಂದು ನಿಲ್ಲುತ್ತೆ ಎಂದೆ. ಅವರು ತಲೆಯಾಡಿಸಿದರು. ಆದರೂ ತಕ್ಷಣ ಏನನ್ನೂ ಬಿಚ್ಚಲಿಲ್ಲ.

ಆಯಿಲನ್ನು ಮೇಲಿನ ಗುರುತಿನವರೆಗೆ ತುಂಬಿಸಿ, ಕಿಲೋಮೀಟರನ್ನು ಒಂದು ಟೇಪಿನ ಮೇಲೆ ಬರೆದು ಏರ್ ಫಿಲ್ಟರ್ ಡಬ್ಬಿಗೆ ಅಂಟಿಸಿದರು. 500 ಕಿ.ಮೀ. ಓಡಿಸಿ ಬನ್ನಿ ಎಂದರು. ದಿನಾ ಬೆಳಿಗ್ಗೆ ಸಮ ನೆಲದಲ್ಲಿ, ಸ್ಟಾರ್ಟ್ ಮಾಡುವ ಮುಂಚೆ ನೋಡಬೇಕು. ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಬೇಕು. ರಟ್ಟಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಅಂದರೆ ಸೋರುತ್ತಿಲ್ಲ, ಒಳಗೇ ಉರಿಯುತ್ತಿದೆ. 500 ಕಿ.ಮೀ.ಗೆ ಸುಮಾರು 300 ಎಂ.ಎಲ್. ಖಾಲಿಯಾಗಿತ್ತು.

ಮುಂದಿನ ಸಲ ನನ್ನೆದುರೇ ಕಂಪ್ರೆಶನ್ ಪರೀಕ್ಷೆ, ಅಂದರೆ ಸಿಲಿಂಡರಿನೊಳಗೆ ಒತ್ತಡ ಎಷ್ಟು ಬರುತ್ತದೆ ಅಂತ ಮೀಟರ್ ಹಾಕಿ ನೋಡುವುದು, ಮಾಡಿದರು. ನಾಲ್ಕು ಸಿಲಿಂಡರಿಗೆ 175, 170, 172, 168 ಪಿ.ಎಸ್.ಐ.; ನಾಲ್ಕೂ ಹೆಚ್ಚು ಕಡಿಮೆ ಸಮ. ಪ್ಲಗ್ ತೂತಿನಿಂದ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರು. ರಿಂಗ್ ಸವೆದಿದ್ದರೆ ಮೀಟರಿನ ಮುಳ್ಳು ಚೆನ್ನಾಗಿ ಮೇಲೇರಬೇಕಂತೆ. ಇಲ್ಲಿ ಸ್ವಲ್ಪ ಅಲುಗಾಡಿತು, ಅಷ್ಟೇ. ಆಗ ಅವರು ಹೇಳಿದ ಮಾತಿಂದಲೇ ನನಗೆ ನಂಬಿಕೆ ಬಂತು. "ಆಯಿಲ್ ರಿಂಗ್ ಜಾಮ್ ಆಗಿದ್ರೂ ಕಂಪ್ರೆಶನ್ ಚೆನ್ನಾಗೇ ಬರುತ್ತೆ ಮೇಡಂ. ಇದೊಂದನ್ನೇ ನಂಬ್ಕೊಂಡು ಹೇಳಕ್ಕಾಗಲ್ಲ. ಆದ್ರೆ ನಿಮ್ಮ ಹೊಗೆ ಬರೋ ರೀತಿ ವಾಲ್ವ್ ಸೀಲಿನದ್ದು."

ಕಾರಣವನ್ನೂ ಬಿಡಿಸಿ ಹೇಳಿದರು. ವಾಲ್ವ್ ಅಂದರೆ ಸಿಲಿಂಡರಿಗೆ ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಬಾಗಿಲು; ಅದರ ಕಡ್ಡಿಗುಂಟ ಆಯಿಲ್ ಇಳಿಯದ ಹಾಗೆ ಹಾಕಿರುವ ರಬ್ಬರೇ ಸೀಲ್. ಘಾಟಿಯಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿಯುವಾಗ ಎಂಜಿನ್ ಗಾಳಿ ಎಳೆಯುವ ದಾರಿ ಮುಚ್ಚಿರುತ್ತದೆ, ಒಳಗೆ ಜೋರು ಎಳೆತ ಇರುತ್ತದೆ. ಸೀಲಿನ ರಬ್ಬರು ಮೆತ್ತಗಿರದೆ ಗಟ್ಟಿಯಾಗಿದ್ದರೆ ವಾಲ್ವಿನ ಕಡ್ಡಿಗುಂಟ ಆಯಿಲ್ ಒಳಗಿಳಿದು ಸೇರಿಕೊಳ್ಳುತ್ತದೆ. ಕೆಳಗೆ ಬಂದು ತುಳಿದ ಕೂಡಲೇ ಎಲ್ಲಾ ಒಟ್ಟಿಗೆ ಉರಿಯುತ್ತದೆ. ಹತ್ತುವಾಗ, ಎಳೆಯುವಾಗ ಹೊಗೆ ಬರುತ್ತಲೇ ಇದ್ದರೆ ರಿಂಗಿನ ಮೇಲೆ ಅನುಮಾನ ಜಾಸ್ತಿ.

ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸದೆಯೇ ಕೆಲಸ ಮುಗಿಸಿದರು. ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ತೆಗೆದು, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟು ವಾಲ್ವ್ ಕೆಳಗೆ ಬೀಳದ ಹಾಗೆ ಹಿಡಿದರು. ಆಮೇಲೆ ವಾಲ್ವಿನ ಸ್ಪ್ರಿಂಗ್ ಒತ್ತಿ, ಅದನ್ನು ಹಿಡಿದಿಡುವ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಿರುವ ಲಾಕುಗಳನ್ನು ಮ್ಯಾಗ್ನೆಟ್ಟಿನಿಂದ ಎತ್ತಿದರು. ಅವು ಎಂಜಿನ್ ಒಳಗೆ ಬೀಳದಿರಲಿ ಅಂತ ಸುತ್ತಲಿನ ತೂತಿಗೆಲ್ಲ ಬಟ್ಟೆ ತುರುಕಿದ್ದರು. ಹದಿನಾರು ಹಳೇ ಸೀಲುಗಳನ್ನು ಒಂದು ಸ್ಟೀಲ್ ತಟ್ಟೆಯಲ್ಲಿಟ್ಟು ನನ್ನ ಕೈಗೆ ಕೊಟ್ಟರು. ಉಗುರಿನಿಂದ ಒತ್ತಿದರೆ ಹುಣಸೆಬೀಜದ ಹಾಗೆ ಗಟ್ಟಿ. ಎರಡರ ಅಂಚು ಸೀಳಿಹೋಗಿತ್ತು. ಹೊಸದನ್ನು ಒತ್ತಿದೆ, ಮೆತ್ತಗೆ ಬಗ್ಗಿ ಮತ್ತೆ ಎದ್ದು ನಿಂತಿತು. ಇಷ್ಟು ಸಣ್ಣ ರಬ್ಬರಿಗೋಸ್ಕರ ಎಂಜಿನ್ನನ್ನೇ ಇಳಿಸುವವರಿದ್ದರು ಅಂತ ನೆನೆಸಿ ನಿಜಕ್ಕೂ ಸಂಕಟವಾಯಿತು.

ಸೀಲ್ ಸೆಟ್ 1,200, ಗ್ಯಾಸ್ಕೆಟ್ 450, ಎಂಜಿನ್ನೊಳಗಿನ ಆವಿಯನ್ನು ಗಾಳಿ ಎಳೆಯುವ ದಾರಿಗೆ ಬಿಡುವ ಪಿ.ಸಿ.ವಿ. ವಾಲ್ವ್ 350, ಆಯಿಲ್ ಮತ್ತು ಫಿಲ್ಟರ್ 1,900, ಕೂಲಿ 3,800. ಒಟ್ಟು 7,700 ರೂಪಾಯಿ. ದಪ್ಪ ಆಯಿಲ್ ಬೇಡವೇ ಬೇಡ ಎಂದು, ಕಾರಿನ ಪುಸ್ತಕದಲ್ಲಿ ಬರೆದಿದ್ದ 5ಡಬ್ಲ್ಯೂ-30 ದರ್ಜೆಯ ತೆಳು ಆಯಿಲನ್ನೇ ಹಾಕಿದರು.

ಕೊರತೆಗಳೂ ಇವೆ. ಎರಡು ದಿನ ಎಂದವರು ನಾಲ್ಕು ದಿನ ತೆಗೆದುಕೊಂಡರು, ನಾನೇ ಫೋನ್ ಮಾಡಿ ಮಾಡಿ ಕೇಳಬೇಕಾಯಿತು. ಕೂರಲು ಒಂದು ಸ್ಟೂಲ್ ಬಿಟ್ಟರೆ ಬೇರೇನೂ ಇಲ್ಲ. ಬಿಲ್ ಕೇಳಿದರೆ ಮಾತ್ರ ಬರೆದುಕೊಡುತ್ತಾರೆ. ವಾರದ ಮೇಲೆ ಟ್ಯಾಪೆಟ್ ಕವರಿನ ಮೂಲೆಯಲ್ಲಿ ಸಣ್ಣಗೆ ಜಿನುಗು ಕಾಣಿಸಿತು. ತೋರಿಸಿದೆ. "ನಮ್ಮದೇ ತಪ್ಪು" ಎಂದು ಒಪ್ಪಿಕೊಂಡು ಅರ್ಧ ಗಂಟೆಯಲ್ಲಿ ಸರಿಮಾಡಿದರು, ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ 3,000 ಕಿ.ಮೀ. ಆಗಿದೆ. ಒಂದೇ ಒಂದು ಸಲ 250 ಎಂ.ಎಲ್. ಹಾಕಿದ್ದೇನೆ. ಈ ವಯಸ್ಸಿನ ಎಂಜಿನ್ನಿಗೆ ಅಷ್ಟು ಸಹಜ ಅನ್ನುತ್ತಾರೆ ಮೇಸ್ತ್ರಿ. ಗುಂಡ್ಯದಲ್ಲಿ ಈಗಲೂ ಕನ್ನಡಿ ನೋಡುತ್ತೇನೆ, ಹೊಗೆ ಇಲ್ಲ.

ಗ್ಯಾರೇಜಿನ ಹೆಸರು ಹಾಕಬೇಡಿ, ಈಗಲೇ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ ಅಂತ ಅವರೇ ಕೇಳಿಕೊಂಡಿದ್ದಾರೆ. ಹುಡುಕಿಕೊಂಡು ಹೋಗುವವರು ಹಿಂದಿನ ದಿನ ಸಂಜೆಯೇ ಗಾಡಿ ಬಿಟ್ಟು ಬನ್ನಿ. ಬೆಳಿಗ್ಗೆ ತಣ್ಣಗಿರುವ ಎಂಜಿನ್ನನ್ನು ತಾವೇ ಸ್ಟಾರ್ಟ್ ಮಾಡಿ ನೋಡದೆ ಅವರು ಮಾತಾಡುವುದಿಲ್ಲ.