ಕ್ಯಾಲಿಫೋರ್ನಿಯಾದಲ್ಲಿ ಎಂಜಿನಿಯರಿಂಗ್: ಕಮ್ಯುನಿಟಿ ಕಾಲೇಜೋ, ನೇರ ವಿಶ್ವವಿದ್ಯಾಲಯವೋ?

ಪದವಿಯ ಮೊದಲೆರಡು ವರ್ಷದ ಪಾಠಗಳನ್ನು ಕಮ್ಯುನಿಟಿ ಕಾಲೇಜೆಂಬ ಸ್ಥಳೀಯ ಸರ್ಕಾರಿ ಕಾಲೇಜಿನಲ್ಲಿ ಓದಿ ಆಮೇಲೆ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಯಾಗುವುದು ಒಂದು ದಾರಿ; ಮೊದಲಿನಿಂದಲೇ ವಿಶ್ವವಿದ್ಯಾಲಯ ಸೇರುವುದು ಇನ್ನೊಂದು. ಖರ್ಚಿನ ಲೆಕ್ಕದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ರಾಜ್ಯದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ ಯೂನಿಟ್‌ಗೆ (ಪಾಠಗಳನ್ನು ಎಣಿಸುವ ಅಳತೆ) 46 ಡಾಲರ್. ವರ್ಗಾವಣೆಗೆ ಬೇಕಾದ 60 ಯೂನಿಟ್‌ಗಳಿಗೆ ಒಟ್ಟು 2,760 ಡಾಲರ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಒಂದೇ ವರ್ಷದ ಬೋಧನಾ ಶುಲ್ಕ 14,000 ಡಾಲರ್ ದಾಟುತ್ತದೆ. ಹೊರಗಿನವರಿಗೆ ಎರಡೂ ಕಡೆ ದರ ಬೇರೆ.

ಪ್ರವೇಶದ ವಿಷಯ ಇಷ್ಟು ಸರಳವಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್, ಅರ್ವೈನ್ ಸೇರಿದಂತೆ ಆರು ಕ್ಯಾಂಪಸ್‌ಗಳು ನಿಗದಿತ ಅಂಕ ಮತ್ತು ವಿಷಯಗಳನ್ನು ಪೂರೈಸಿದ ಕಮ್ಯುನಿಟಿ ಕಾಲೇಜು ವಿದ್ಯಾರ್ಥಿಗಳಿಗೆ ಮೂರನೆಯ ವರ್ಷಕ್ಕೆ ಪ್ರವೇಶದ ಖಾತರಿ ನೀಡುತ್ತವೆಯಾದರೂ, ಆ ಖಾತರಿ ಎಂಜಿನಿಯರಿಂಗ್‌ನ ಎಲ್ಲ ವಿಭಾಗಗಳಿಗೂ ಅನ್ವಯಿಸುವುದಿಲ್ಲ. ಬರ್ಕ್ಲಿ, ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೊ ಕ್ಯಾಂಪಸ್‌ಗಳು ಅದರಲ್ಲಿ ಸೇರಿಯೇ ಇಲ್ಲ.

ಈ ದಾರಿಯಲ್ಲಿ ಎಡವುವುದು ಹೆಚ್ಚಾಗಿ ವಿಷಯಗಳ ಸರದಿಯಲ್ಲಿ. ಕಲನಶಾಸ್ತ್ರ ಮುಗಿಯದೆ ಭೌತವಿಜ್ಞಾನವಿಲ್ಲ, ಅದಿಲ್ಲದೆ ಮುಂದಿನ ಎಂಜಿನಿಯರಿಂಗ್ ಪಾಠಗಳಿಲ್ಲ. ಹಾಗಾಗಿ ಒಂದು ತಪ್ಪಿದರೆ ಎರಡು ವರ್ಷ ಮೂರಾಗುತ್ತದೆ. ಯಾವ ಪಾಠ ಎಲ್ಲಿ ಸಲ್ಲುತ್ತದೆಂದು ತೋರಿಸುವ ‘ಅಸಿಸ್ಟ್’ ಜಾಲತಾಣವನ್ನು ಮೊದಲ ಸೆಮಿಸ್ಟರಿಗೆ ಮುನ್ನವೇ ನೋಡಬೇಕು.

ಬೇ ಏರಿಯಾದ ಕನ್ನಡಿಗ ತಂದೆತಾಯಂದಿರಿಗೆ ಇದು ಕೆಳದರ್ಜೆಯ ದಾರಿ ಎನಿಸಿದರೆ, ಒಂದು ಮಾತು: ಜೀನೋಮ್ ವಿಜ್ಞಾನಿ ಕ್ರೇಗ್ ವೆಂಟರ್ ಕಾಲೇಜು ಓದು ಆರಂಭಿಸಿದ್ದು ಅಲ್ಲಿಯದೇ ಕಮ್ಯುನಿಟಿ ಕಾಲೇಜಾದ ಸ್ಯಾನ್ ಮಟೇಯೋ ಕಾಲೇಜಿನಲ್ಲಿ.

ಆದರೂ ಮೊದಲ ವರ್ಷದಿಂದಲೇ ಸಂಶೋಧನಾ ಪ್ರಯೋಗಾಲಯದಲ್ಲಿ ಕೆಲಸ ಮಾಡಬೇಕೆನ್ನುವವರಿಗೆ, ಹಣದ ಅನುಕೂಲವಿದ್ದರೆ, ನೇರ ಪ್ರವೇಶವೇ ಲೇಸು. ಗಣಿತದ ತಳಪಾಯ ಗಟ್ಟಿಮಾಡಿಕೊಳ್ಳಬೇಕಾದವರಿಗೆ ಕಮ್ಯುನಿಟಿ ಕಾಲೇಜಿನ ಚಿಕ್ಕ ತರಗತಿ ಹೆಚ್ಚು ಒದಗುತ್ತದೆ.