ಪೊಟ್ಟಣದ ಒಣ ಈರುಳ್ಳಿ: ಕೊಳ್ಳುವುದು ಯಾವುದನ್ನು, ಬಳಸುವುದು ಹೇಗೆ?

ಕಾರ್ಖಾನೆಯ ಬಿಸಿಗಾಳಿಯಲ್ಲಿ ಒಣಗಿದ ಬಿಳಿ ಈರುಳ್ಳಿಯ ಫ್ಲೇಕ್ಸ್, ಸೌರ ಡ್ರೈಯರಿನಲ್ಲಿ ಒಣಗಿದ ಕೆಂಪು ಈರುಳ್ಳಿಯ ಫ್ಲೇಕ್ಸ್ ಮತ್ತು ನುಣ್ಣನೆಯ ಈರುಳ್ಳಿ ಪುಡಿ, ಈ ಮೂರನ್ನೂ ಮನೆಯ ಹುಳಿ, ಪಲ್ಯ, ಗೊಜ್ಜುಗಳಲ್ಲಿ ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಎರಡೂ ಬಗೆಯ ಫ್ಲೇಕ್ಸ್ ಕೊಳ್ಳಲು ಯೋಗ್ಯವಾಗಿವೆ. ಆದರೆ ಪೊಟ್ಟಣದ ಮೇಲೆ ಅಚ್ಚಾಗಿರುವಂತೆ ಅವನ್ನು ನೇರವಾಗಿ ಕುದಿಯುವ ಸಾರಿಗೆ ಹಾಕಿದರೆ ಕೊಟ್ಟ ಹಣದ ಬಹುಪಾಲು ಆವಿಯಾಗಿ ಹೋಗುತ್ತದೆ.

ಕಾರಣ ಈರುಳ್ಳಿಯ ಸ್ವಭಾವದಲ್ಲೇ ಇದೆ. ಹಸಿ ಈರುಳ್ಳಿಗೆ ಖಾರದ ಘಾಟು ಮೊದಲೇ ಇರುವುದಿಲ್ಲ. ಕತ್ತರಿಸಿದಾಗ ಕೋಶಗಳು ಒಡೆದು, ಅಲಿನೇಸ್ ಎಂಬ ಕಿಣ್ವವು ಗಂಧಕದ ಸಂಯುಕ್ತಗಳೊಡನೆ ಬೆರೆತಾಗ ಅದು ಹುಟ್ಟುತ್ತದೆ. ಹದವಾದ ಶಾಖದಲ್ಲಿ ಒಣಗಿಸಿದ ಈರುಳ್ಳಿಯಲ್ಲಿ ಈ ಕಿಣ್ವದ ಒಂದು ಭಾಗ ಉಳಿದಿರುತ್ತದೆ, ನೀರು ತಾಗಿದೊಡನೆ ಮತ್ತೆ ಕೆಲಸಕ್ಕೆ ತೊಡಗುತ್ತದೆ. ಕುದಿಯುವ ನೀರಿಗೆ ಹಾಕಿದರೆ ಕೆಲಸ ಶುರುವಾಗುವ ಮೊದಲೇ ಅದು ನಾಶವಾಗುತ್ತದೆ. ಆದ್ದರಿಂದ ಫ್ಲೇಕ್ಸ್ ಅನ್ನು ಮುಳುಗುವಷ್ಟು ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಆ ನೀರಿನ ಸಮೇತ ಪಾತ್ರೆಗೆ ಸುರಿಯಬೇಕು. ಹೀಗೆ ಮಾಡಿದ ಹುಳಿಗೂ, ಒಣಗಿದ್ದನ್ನು ಹಾಗೆಯೇ ಹಾಕಿ ಕುದಿಸಿದ ಹುಳಿಗೂ ಪರಿಮಳದಲ್ಲಿ ಎದ್ದು ಕಾಣುವ ವ್ಯತ್ಯಾಸವಿತ್ತು. ಇಷ್ಟು ಸರಳವಾದ ಸೂಚನೆಯನ್ನು ತಯಾರಕರು ಮುದ್ರಿಸದಿರುವುದು ನನಗೆ ನಿಜಕ್ಕೂ ಬೇಸರ ತಂದಿದೆ.

ಬಿಳಿ ಫ್ಲೇಕ್ಸ್ ಹೆಚ್ಚಾಗಿ ಬರುವುದು ಗುಜರಾತಿನ ಭಾವನಗರ ಜಿಲ್ಲೆಯ ಮಹುವಾದಿಂದ. ದೇಶದ ಈರುಳ್ಳಿ ಒಣಗಿಸುವ ಉದ್ಯಮದ ಕೇಂದ್ರವೇ ಆ ಊರು. ಈರುಳ್ಳಿಯಲ್ಲಿ ಶೇಕಡ 85ಕ್ಕೂ ಹೆಚ್ಚು ನೀರೇ ಇರುವುದರಿಂದ ಒಂದು ಕಿಲೋ ಒಣ ಸರಕಿಗೆ ಎಂಟರಿಂದ ಹತ್ತು ಕಿಲೋ ಹಸಿ ಗಡ್ಡೆ ಬೇಕಾಗುತ್ತದೆ, ಹಾಗಾಗಿ ಗಡ್ಡೆಯಲ್ಲಿ ಕರಗುವ ಘನಾಂಶ (ನೀರು ಆರಿದ ಮೇಲೂ ಉಳಿಯುವ ಸಕ್ಕರೆ ಮೊದಲಾದವು) ಹೆಚ್ಚಿದ್ದಷ್ಟೂ ಕಾರ್ಖಾನೆಗೆ ಲಾಭ. ಜಳಗಾಂವಿನ ಜೈನ್ ಇರಿಗೇಷನ್ ಸಂಸ್ಥೆಯ ವಿ-12 ಎಂಬ ಬಿಳಿ ತಳಿ ಒಣಗಿಸುವ ಉದ್ದೇಶಕ್ಕಾಗಿಯೇ ರೂಪುಗೊಂಡದ್ದು. ಇತ್ತೀಚಿನ ದೊಡ್ಡ ಘಟಕಗಳಲ್ಲಿ ಕ್ಯಾಮೆರಾ ಅಳವಡಿಸಿದ ಯಂತ್ರಗಳು ಕಂದು ಚೂರುಗಳನ್ನು ಗುರುತಿಸಿ ಗಾಳಿಯ ಒತ್ತಡದಿಂದ ಹೊರದೂಡುತ್ತವೆ. ರೋಗಾಣುಗಳನ್ನು ಕೊಲ್ಲಲು, ಯುರೋಪಿನ ಒಕ್ಕೂಟ ಆಹಾರದಲ್ಲಿ ನಿಷೇಧಿಸಿರುವ ಎಥಿಲೀನ್ ಆಕ್ಸೈಡ್ ಅನಿಲದ ಬದಲಿಗೆ ಹಬೆಯನ್ನು ಬಳಸುವ ಕ್ರಮವೂ ಬಂದಿದೆ. ನಾನು ಬಳಸಿದ ಬಿಳಿ ಫ್ಲೇಕ್ಸ್ ಒಂದೇ ಬಣ್ಣದ್ದಾಗಿ, ಚೂರೂ ಸುಟ್ಟ ವಾಸನೆಯಿಲ್ಲದೆ ಶುಭ್ರವಾಗಿದ್ದವು. ರುಚಿ ಮಾತ್ರ ಘಾಟಿಗಿಂತ ಸಿಹಿಯ ಕಡೆಗೆ ವಾಲುತ್ತದೆ.

ನನ್ನ ಮನಸ್ಸು ಹೆಚ್ಚು ಒಲಿದದ್ದು ಸೌರ ಡ್ರೈಯರಿನ ಸರಕಿಗೆ. ಮಹಾರಾಷ್ಟ್ರದ ಎಸ್‌ಫೋರ್‌ಎಸ್ ಟೆಕ್ನಾಲಜೀಸ್ ಎಂಬ ಸಂಸ್ಥೆ ರೂಪಿಸಿದ ಡ್ರೈಯರು ಬರಿಯ ಬಿಸಿಗಾಳಿಯನ್ನು ನೆಚ್ಚಿಕೊಳ್ಳದೆ, ಬಿಸಿಲಿಗೆ ಕಾದ ಲೋಹದ ತಟ್ಟೆಯಿಂದಲೂ ಹೋಳುಗಳಿಗೆ ಶಾಖವನ್ನು ಹಾಯಿಸುತ್ತದೆ. ಹಳ್ಳಿಯ ಹೆಣ್ಣುಮಕ್ಕಳು ತಮ್ಮ ಮನೆಯ ಬಳಿಯೇ ಇದನ್ನು ನಡೆಸಿ, ಮಂಡಿಯಲ್ಲಿ ಬೆಲೆ ಸಿಗದ ಬೆಳೆಯನ್ನು ಒಣಗಿಸಿ ಕೊಡುತ್ತಾರೆ. ಈ ಕೆಲಸಕ್ಕೆ 2023ರಲ್ಲಿ ಪರಿಸರ ರಕ್ಷಣೆಗೆ ಮೀಸಲಾದ ಅರ್ಥ್‌ಶಾಟ್ ಪ್ರಶಸ್ತಿ ಬಂತು. ನಾನು ಕೊಂಡದ್ದು ಇದೇ ಬಗೆಯ ವಿಧಾನವನ್ನು ಬಳಸುವ ಬೇರೊಂದು ಸಣ್ಣ ಗುಂಪಿನ ಪೊಟ್ಟಣ. ಅದರ ಬಣ್ಣ ಏಕರೂಪವಾಗಿರಲಿಲ್ಲ, ಅಲ್ಲಲ್ಲಿ ದಪ್ಪ ಹೋಳುಗಳು ನೆನೆಯಲು ಹೆಚ್ಚು ಹೊತ್ತು ತೆಗೆದುಕೊಂಡವು. ಆದರೂ ಗೊಜ್ಜಿಗೆ ಹಾಕಿದಾಗ ಬಂದ ಖಾರದ ಘಮ ಬಿಳಿಯ ಫ್ಲೇಕ್ಸ್‌ನಿಂದ ಬಂದಿರಲಿಲ್ಲ.

ಪುಡಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಗಾಳಿಯ ತೇವವನ್ನು ಹೀರಿ ಬೇಗ ಗಂಟಾಗುತ್ತದೆ, ಸಾರಿನಲ್ಲಿ ಮಂಕಾದ ಸಿಹಿಯನ್ನಷ್ಟೇ ಬಿಡುತ್ತದೆ. ಚಟ್ನಿಪುಡಿಗೆ ಬೆರೆಸುವವರಿಗೆ ಉಪಯುಕ್ತ, ಉಳಿದವರಿಗೆ ಅನಗತ್ಯ.

ಒಗ್ಗರಣೆಗೆ ಇವು ಯಾವುವೂ ಹಸಿ ಈರುಳ್ಳಿಯ ಜಾಗವನ್ನು ತುಂಬಲಾರವು. ಸಕ್ಕರೆಯ ಅಂಶ ಸಾಂದ್ರವಾಗಿರುವುದರಿಂದ ಎಣ್ಣೆಗೆ ಬಿದ್ದ ಕ್ಷಣದಲ್ಲೇ ಕಪ್ಪಾಗುತ್ತವೆ. ಬೆಲೆಯೂ ಸಾಮಾನ್ಯ ದಿನಗಳಲ್ಲಿ ಹಸಿಯದಕ್ಕಿಂತ ದುಬಾರಿ. 2019ರ ಡಿಸೆಂಬರಿನಂತೆ ಈರುಳ್ಳಿ ಕಿಲೋಗೆ 100 ರೂಪಾಯಿ ದಾಟಿದಾಗ ಮಾತ್ರ ಲೆಕ್ಕ ತಿರುಗುತ್ತದೆ.

ಕರ್ನಾಟಕದ ಕೊಳ್ಳುಗನಾಗಿ ನನಗೊಂದು ಆಸೆಯಿದೆ. ಚಿತ್ರದುರ್ಗ, ಗದಗ ಜಿಲ್ಲೆಗಳ ಮುಂಗಾರಿನ ಉಳ್ಳಾಗಡ್ಡಿ ನೀರಿನಂಶ ಹೆಚ್ಚಿರುವುದರಿಂದ ಬಹಳ ದಿನ ನಿಲ್ಲುವುದಿಲ್ಲ, ಒಮ್ಮೆಲೇ ಮಾರುಕಟ್ಟೆಗೆ ಬಂದು ಬೆಲೆ ಕುಸಿಯುತ್ತದೆ. ದೊಡ್ಡ ಕಾರ್ಖಾನೆಗೆ ಒಗ್ಗದ ಆ ಕೆಂಪು ಗಡ್ಡೆಗೆ ಊರಿನ ಮಟ್ಟದ ಸೌರ ಡ್ರೈಯರು ತಕ್ಕ ಜೋಡಿಯಾಗಬಲ್ಲದು. ಅಲ್ಲಿಂದ ಬರುವ ಪೊಟ್ಟಣದ ಮೇಲೆ ತಳಿಯ ಹೆಸರು, ಒಣಗಿಸಿದ ತಿಂಗಳು ಮತ್ತು ತಣ್ಣೀರಿನಲ್ಲಿ ನೆನೆಸಬೇಕೆಂಬ ಸೂಚನೆ ಇದ್ದರೆ, ಬಿಳಿಯದನ್ನು ಬಿಟ್ಟು ಅದನ್ನೇ ಕೊಳ್ಳುತ್ತೇನೆ.