ಟ್ರಾನ್ಸ್‌ಮಿಟರ್ ತಪ್ಪು ಹೇಳುವಾಗ ಹಿಡಿಯೋದು ಹೇಗೆ? ಮೂರು ವಿಧಾನ ಬಳಸಿ ನೋಡಿದೆ

ಕಾರ್ಖಾನೆಯಲ್ಲಿ ಪ್ರೆಶರ್, ಲೆವೆಲ್ ಇಂಥದ್ದನ್ನು ಅಳೆದು ಸಿಗ್ನಲ್ ಕಳಿಸುವ ಉಪಕರಣವೇ ಟ್ರಾನ್ಸ್‌ಮಿಟರ್. ಅದು ಪೂರ್ತಿ ಸತ್ತರೆ ಅಷ್ಟೇನೂ ಭಯವಿಲ್ಲ, ಕೂಡಲೇ ಗೊತ್ತಾಗುತ್ತದೆ. ತಪ್ಪು ರೀಡಿಂಗ್ ತೋರಿಸುತ್ತಾ ಸುಮ್ನೆ ಕೂತರೆ ನನಗೆ ನಿಜವಾದ ಭಯ.

ಮೊದಲು ಬಳಸಿದ್ದು ಕರೆಂಟಿನ ಮಿತಿ. ಸಿಗ್ನಲ್ 4ರಿಂದ 20 ಮಿಲಿಆಂಪ್. ನಾಮೂರ್ (ಕಾರ್ಖಾನೆ ಆಟೊಮೇಷನ್ ಬಳಕೆದಾರರ ಸಂಘ) ಎನ್‌ಇ 43 ಶಿಫಾರಸಿನ ಪ್ರಕಾರ 3.6ಕ್ಕೆ ಇಳಿದರೆ ಅಥವಾ 21ಕ್ಕೆ ಏರಿದರೆ ಅದು ರೀಡಿಂಗ್ ಅಲ್ಲ, ದೋಷ. ವೈರ್ ತುಂಡಾದರೆ ತಕ್ಷಣ ಸಿಗುತ್ತದೆ. ಖರ್ಚಿಲ್ಲ, ತಲೆನೋವಿಲ್ಲ. ಎಲ್ಲ ಕಡೆ ಇರಲೇಬೇಕು.

ಆದರೆ ಒಂದು ಲೆವೆಲ್ ಟ್ರಾನ್ಸ್‌ಮಿಟರ್ 12.8 ಮಿಲಿಆಂಪ್‌ನಲ್ಲಿ ನಿಂತುಬಿಟ್ಟಿತ್ತು. ಅಂದರೆ ಲೆವೆಲ್ 55% ಅನ್ನೋ ರೀಡಿಂಗ್. ಮಿತಿಯ ಮಟ್ಟಿಗೆ ಎಲ್ಲ ಸರಿ! ಟ್ರೆಂಡ್ ನೋಡಿದರೆ ಅಡಿಪಟ್ಟಿ ಇಟ್ಟು ಎಳೆದ ಹಾಗೆ ನೇರ ಗೆರೆ. ಕೆಳಗೆ ಟ್ಯಾಂಕನ್ನು ಕಲಕುವ ಆಜಿಟೇಟರ್ ತಿರುಗುತ್ತಿದೆ, ಲೆವೆಲ್ ಒಂದಿಷ್ಟೂ ಅಲುಗದೆ ಇರುತ್ತದಾ? ಐಸೋಲೇಟ್ ಮಾಡಿ ಇಂಪಲ್ಸ್ ಲೈನ್ (ಟ್ಯಾಂಕಿನ ಪ್ರೆಶರನ್ನು ಟ್ರಾನ್ಸ್‌ಮಿಟರಿಗೆ ಒಯ್ಯುವ ಸಣ್ಣ ಕೊಳವೆ) ಬಿಚ್ಚಿದೆವು. ಒಳಗೆ ಗಸಿ ಗಟ್ಟಿಯಾಗಿ ಕೂತಿತ್ತು. ಹಳೆಯ ಪ್ರೆಶರ್ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು.

ಇಂಥದ್ದಕ್ಕೆ ಎರಡನೆಯ ವಿಧಾನವೇ ಸರಿ: ಸಿಗ್ನಲ್ ಎಷ್ಟು ನಡುಗುತ್ತಿದೆ ಅಂತ ನೋಡುವುದು. ಕೊನೆಯ ಕೆಲವು ನಿಮಿಷಗಳ ಏರಿಳಿತವನ್ನು ಅದರ ಮಾಮೂಲಿ ಏರಿಳಿತದ ಜೊತೆ ಹೋಲಿಸಬೇಕು. ತೀರಾ ಕಡಿಮೆಯಾದರೆ ಅಲಾರ್ಮ್. ಮೂರರಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಇದೇ. ಒಂದು ಎಚ್ಚರಿಕೆ: ಟ್ರಾನ್ಸ್‌ಮಿಟರಿನಲ್ಲಿ ಡ್ಯಾಂಪಿಂಗ್ (ಏರಿಳಿತವನ್ನು ನುಣುಪು ಮಾಡುವ ಸೆಟ್ಟಿಂಗ್) ಜಾಸ್ತಿ ಇಟ್ಟಿದ್ದರೆ ನಡುಕವೆಲ್ಲ ಅಲ್ಲೇ ಅಳಿಸಿಹೋಗುತ್ತದೆ. ಪ್ಲಾಂಟ್ ನಿಂತಾಗಲೂ ಅಲಾರ್ಮ್ ಸುಮ್ನೆ ಕೂಗುತ್ತದೆ, ಆಗ ಅದನ್ನು ತಡೆಹಿಡಿಯಬೇಕು.

ರೀಡಿಂಗ್ ನಿಜದಿಂದ ನಿಧಾನವಾಗಿ ಜಾರುವ ಡ್ರಿಫ್ಟ್ ಮಾತ್ರ ಈ ಎರಡಕ್ಕೂ ಸಿಗಲಿಲ್ಲ. ಅದಕ್ಕೆ ಮೂರು ಟ್ರಾನ್ಸ್‌ಮಿಟರ್ ಇಟ್ಟು ನಡುವಿನ ರೀಡಿಂಗ್ ತೆಗೆದುಕೊಂಡೆವು. ಯಾವುದು ದೂರ ಸರಿಯುತ್ತದೋ ಅದರ ಮೇಲೆ ಅನುಮಾನ. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ದುಬಾರಿ. ಮೂರನ್ನೂ ಒಂದೇ ಟ್ಯಾಪಿಂಗಿಗೆ (ಪ್ರೆಶರ್ ತೆಗೆಯುವ ತೂತಿಗೆ) ಜೋಡಿಸಿದರೆ ಮೂರೂ ಒಟ್ಟಿಗೆ ಕಟ್ಟಿಕೊಳ್ಳುತ್ತವೆ, ದುಡ್ಡು ದಂಡ.

ಒಂದೇ ಟ್ರಾನ್ಸ್‌ಮಿಟರ್ ಇರುವ ಕಂಟ್ರೋಲ್ ಲೂಪ್‌ನಲ್ಲಿ ಡ್ರಿಫ್ಟ್ ಇನ್ನೂ ಚೆನ್ನಾಗಿ ಅಡಗುತ್ತದೆ. ರೀಡಿಂಗ್ ತಪ್ಪಿದ್ದರೂ ಕಂಟ್ರೋಲರ್ ವಾಲ್ವ್ ತಿರುಗಿಸಿ ಅದನ್ನು ಸೆಟ್ ಪಾಯಿಂಟಿಗೆ (ನಾವು ಕೊಟ್ಟ ಗುರಿಗೆ) ತಂದು ನಿಲ್ಲಿಸುತ್ತದೆ. ಪರದೆಯ ಮೇಲೆ ಎಲ್ಲ ಸರಿ ಕಾಣುತ್ತದೆ, ಅಲ್ವಾ? ಬದಲಾಗುವುದು ವಾಲ್ವ್ ತೆರೆದಿರುವ ಪ್ರಮಾಣ. ಅದಕ್ಕೇ ಈಗ ಇಂಥ ಪ್ರತಿ ಲೂಪ್‌ನಲ್ಲೂ ರೀಡಿಂಗ್ ಪಕ್ಕದಲ್ಲೇ ವಾಲ್ವಿನ ಟ್ರೆಂಡ್ ಇಡುತ್ತೇನೆ. ಲೋಡ್ ಅಷ್ಟೇ ಇದ್ದು ವಾಲ್ವ್ ದಿನದಿನಕ್ಕೆ ಸರಿಯುತ್ತಿದ್ದರೆ ರೀಡಿಂಗ್ ಪರೀಕ್ಷಿಸುವ ಕ್ಯಾಲಿಬ್ರೇಟರ್ ತೆಗೆದುಕೊಂಡು ಹೊರಡುತ್ತೇನೆ.